ಮಹಡಿ ಬಸ್ಸಿನ ಕಂಡಕ್ಟರೂ ನಮ್ಮ ಹೃದಯವೂ

"ಮೈ ಬಗ್ಗಿಸಿದರೆ ಹೃದಯಕ್ಕೆ ಒಳ್ಳೆಯದು" ಅಂತ ಇವತ್ತು ಯಾರಿಗೆ ಹೇಳಿದರೂ "ಗೊತ್ತು ಬಿಡಿ" ಅಂತಾರೆ. ಆದರೆ ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಡಾಕ್ಟರುಗಳ ಕೈಯಲ್ಲೂ ಇದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ! ನನಗೆ ತುಂಬಾ ಇಷ್ಟವಾದ ಕಥೆ, ಅದಕ್ಕೇ ಬರೆಯೋಣ ಅನ್ನಿಸಿತು.

ಕಥಾನಾಯಕರು ಜೆರ್ರಿ ಮಾರಿಸ್. 1910ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಬೆಳೆದವರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ನಮ್ಮ ದೇಶಕ್ಕೂ ಬಂದಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತಗಳು ಹೆಚ್ಚುತ್ತಾ ಹೋದವು. ಯಾಕೆ ಅಂತ ಸರಿಯಾಗಿ ಯಾರಿಗೂ ತಿಳಿಯದು. ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧ ಇರಬಹುದಾ ಅನ್ನೋದು ಮಾರಿಸ್ ಅವರ ಗುಮಾನಿ.

ಅದಕ್ಕೆ ಅವರು ಹಿಡಿದದ್ದು ಬಸ್ಸನ್ನು. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ತರಹದ ಮನೆಗಳಿಂದ ಬಂದ ಇಬ್ಬರು. ಡ್ರೈವರು ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಕಂಡಕ್ಟರು ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 35ರಿಂದ 64 ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ದಾಖಲೆ ಜಾಲಾಡಿ, 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬರೆದರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ, ಅಷ್ಟು ಮಾರಕವೂ ಅಲ್ಲ. ಅಂಚೆ ಇಲಾಖೆಯಲ್ಲಿ ನೋಡಿದರೂ ಅದೇ ಕಥೆ: ನಡೆದು, ಸೈಕಲ್ ತುಳಿದು ಕಾಗದ ಹಂಚುವವರು ಮೇಜಿನ ಮುಂದೆ ಕೂರುವವರಿಗಿಂತ ಗಟ್ಟಿ.

"ದಪ್ಪಗಿರೋರೇ ಡ್ರೈವರ್ ಕೆಲಸಕ್ಕೆ ಸೇರ್ತಾರೇನೋ?" ಅಂತ ನಿಮಗೂ ಅನುಮಾನ ಬಂತಾ? ಮಾರಿಸ್ ತಂಡಕ್ಕೂ ಬಂದಿತ್ತು. 1956ರಲ್ಲಿ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನೇ ತೆಗೆದು ನೋಡಿದರು! ಡ್ರೈವರುಗಳ ಸೊಂಟ ದೊಡ್ಡದೇ. ಆದರೆ ಸೊಂಟದ ಅಳತೆಯೊಂದರಿಂದಲೇ ವ್ಯತ್ಯಾಸ ಪೂರ್ತಿ ವಿವರಿಸಲು ಆಗಲಿಲ್ಲ.

ಬರಬರುತ್ತಾ ಎಲ್ಲರ ಕೆಲಸವೂ ಕೂತು ಮಾಡುವ ಕೆಲಸವೇ ಆಯಿತು. ಹಾಗಾದರೆ ಬಿಡುವಿನ ವೇಳೆಯ ವ್ಯಾಯಾಮ ಸಾಕಾ? 1968-70ರಲ್ಲಿ ಸುಮಾರು 17,000 ಸರ್ಕಾರಿ ನೌಕರರಿಂದ, ಸೋಮವಾರ ಬೆಳಗ್ಗೆ, ಹಿಂದಿನ ಶುಕ್ರವಾರ-ಶನಿವಾರ ಏನೇನು ಮಾಡಿದಿರಿ ಅಂತ ಬರೆಸಿಕೊಂಡರು. ಏದುಸಿರು ಬರುವಂಥ ವ್ಯಾಯಾಮ ಮಾಡುತ್ತಿದ್ದವರಿಗೆ ಅಪಾಯ ಉಳಿದವರ ಸುಮಾರು ಮೂರನೇ ಒಂದು ಪಾಲು ಅಂತ 1973ರಲ್ಲಿ ಹೊರಬಂತು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ 1990ರ ವರದಿ. ಹಿಂದೆ ಚೆನ್ನಾಗಿ ಆಟ ಆಡಿ, ಆಮೇಲೆ ಬಿಟ್ಟವರಿಗೆ ಯಾವ ರಕ್ಷಣೆಯೂ ಉಳಿದಿರಲಿಲ್ಲ! "ಕಾಲೇಜಲ್ಲಿ ನಾನು ಕಬಡ್ಡಿ ಪ್ಲೇಯರ್ರು" ಅನ್ನೋ ನಮ್ಮ ಮಾತು ಅಲ್ಲಿಗೆ ಮುಗೀತು. ಹೃದಯ ಹಳೇ ಸರ್ಟಿಫಿಕೇಟು ನೋಡೋದಿಲ್ಲ, ಈ ವಾರದ ಹಾಜರಿ ಕೇಳುತ್ತೆ.

ಆ ಕಂಡಕ್ಟರುಗಳೇನು ಜನವರಿ ಒಂದಕ್ಕೆ ಶಪಥ ಮಾಡಿ ಜಿಮ್ಮಿಗೆ ಸೇರಿದವರಲ್ಲ. ಜನ ಮೇಲೆ ಕೂತಿದ್ದರು, ಅದಕ್ಕೆ ಹತ್ತಿದರು. ಮತ್ತೆ ನಾಳೆ ಹತ್ತಿದರು, ನಾಡಿದ್ದೂ ಹತ್ತಿದರು. ದಿನದ ಕೆಲಸದಲ್ಲೇ ಸೇರಿಹೋದ ಶ್ರಮಕ್ಕೆ ಉತ್ಸಾಹ ಬೇಕಿಲ್ಲ, ಅದು ತಾನಾಗೇ ನಡೆಯುತ್ತೆ. ಮಾರಿಸ್ ಸ್ವತಃ ಇಳಿವಯಸ್ಸಿನಲ್ಲೂ ಈಜು, ನಡಿಗೆ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99.

ನಾವೆಲ್ಲ ಈಗ ಡ್ರೈವರುಗಳೇ, ಬಸ್ಸು ಮಾತ್ರ ಇಲ್ಲ :-) ನನ್ನ ಆಫೀಸಿಗೆ 80 ಮೆಟ್ಟಿಲು. ದಿನಕ್ಕೆ ಮೂರು ಸಲ ಹತ್ತಿದರೆ 240, ಕಂಡಕ್ಟರನ ಅರ್ಧದಷ್ಟೂ ಇಲ್ಲ. ಆದರೂ ಲಿಫ್ಟಿನ ಕಡೆ ನೋಡದೆ ಹತ್ತುತ್ತಿದ್ದೇನೆ.

ನಿಮ್ಮ ಲೆಕ್ಕ ಎಷ್ಟು?