ಮೂರು ಗೇರಿನ ಡಬ್ಬಿ ಯಾಕ ಇಷ್ಟು ಗಟ್ಟಿ?

(ಭಾಗ 1)
ಹೋದ ತಿಂಗಳು ನಮ್ಮ ಗಾಡಿ ಅಫಜಲಪುರ ರೋಡಿನ ಮ್ಯಾಲ ನಿಂತುಬಿಡ್ತು. ಎಂಜಿನ್ ಓಡ್ತಿತ್ತು, ಆಕ್ಸಿಲರೇಟರ್ ಒತ್ತಿದ್ರ ಗುರ್ ಅಂತಿತ್ತು, ಚಕ್ರ ಮಾತ್ರ ತಿರುಗಲಿಲ್ಲ. ಬಗ್ಗಿ ನೋಡಿದ್ರ ಸುಟ್ಟ ಎಣ್ಣಿ ವಾಸನಿ. ಹಳೇ ಟರ್ಬೊ ಡೀಸೆಲ್, ಆಟೊಮ್ಯಾಟಿಕ್ ಗಾಡಿ. ಟರ್ಬೊ ಒತ್ತಡ ಏರಿಸಿದ್ದು ನಾವೇ, ಹಂಗಾಗಿ ತಪ್ಪು ಯಾರದು ಅಂತ ಕೇಳಬ್ಯಾಡ್ರಿ. ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಸ್ಕೊಂಡು ಬಂದೆವು.

ಈಗ ಗಟ್ಟಿ ಗೇರ್‌ಬಾಕ್ಸ್ ಬೇಕು. ಆಳಂದದ ದೋಸ್ತ ಹೇಳ್ದ, "ಎಂಟು ಗೇರಿಂದು ಹಾಕೋಣ, ಗೇರ್ ಜಾಸ್ತಿ ಅಂದ್ರ ತಾಕತ್ತು ಜಾಸ್ತಿ." ಅಫಜಲಪುರದವ, "ಆಟೊಮ್ಯಾಟಿಕ್ ಯಾವತ್ತೂ ನಾಜೂಕು, ಮ್ಯಾನುಯಲ್ ಹಾಕ್ರಿ" ಅಂದ. ಜೇವರ್ಗಿಯವ ನಾನು ಸುಮ್ಮನಿದ್ದೆ, ಯಾಕಂದ್ರ ನನಗ ಗೊತ್ತಿರಲಿಲ್ಲ. ತೊಗರಿ ಮಾರಿದ ರೊಕ್ಕದಾಗ ಅಪ್ಪನ ಹತ್ರ ಒಂದೇ ಸಲ ಕೇಳಬಹುದು. ಎರಡನೇ ಸಲ ಕೇಳಿದ್ರ ಗಾಡಿನೇ ಮಾರ್ತಾರ. ಅದಕ್ಕ ಡಬ್ಬಿ ಹುಡುಕೋ ಮೊದಲು ಅದರ ಇತಿಹಾಸ ಓದಿದೆ.

(ಭಾಗ 2)
ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬೇರು ಇರೋದು ಕಾರಿನಾಗಲ್ಲ, ಹಡಗಿನಾಗ. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಟಾರ್ಕ್ ಕನ್ವರ್ಟರ್‌ಗೆ ಪೇಟೆಂಟ್ ಪಡೆದರು. ಎರಡು ಫ್ಯಾನ್ ಎದುರುಬದುರು ಇಡ್ರಿ. ಒಂದನ್ನು ಹಚ್ಚಿದ್ರ ಅದರ ಗಾಳಿಗೆ ಇನ್ನೊಂದೂ ತಿರಗ್ತದ. ಗಾಳಿ ಬದಲು ಎಣ್ಣಿ ಹಾಕಿ, ನಡುವೆ ಎಣ್ಣಿಯ ದಿಕ್ಕು ತಿರುಗಿಸುವ ಇನ್ನೊಂದು ಚಕ್ರ ಇಟ್ಟರೆ ಟಾರ್ಕ್ ಕನ್ವರ್ಟರ್ ಆಯ್ತು. ಲೋಹಕ್ಕೆ ಲೋಹ ತಾಗದೆ ಬಲ ದಾಟುತ್ತದೆ. ಆದರೆ ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗಿದಾಗೆಲ್ಲ ಆ ವ್ಯತ್ಯಾಸ ಶಾಖವಾಗಿ ಎಣ್ಣೆಗೆ ಇಳಿಯುತ್ತದೆ. ನಮ್ಮ ಗಾಡಿ ಕೆಳಗಿನ ಆ ವಾಸನಿ ನೆನಪಿಟ್ಕೋರಿ.

ಅಮೆರಿಕದ ಜನರಲ್ ಮೋಟರ್ಸ್ 1939ರ ಕೊನೆಗೆ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಡಬ್ಬಿ ತಂದಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದೇ. ಎರಡನೇ ಮಹಾಯುದ್ಧದಲ್ಲಿ ಅದೇ ಡಬ್ಬಿ ಎಂ5 ಹಗುರ ಟ್ಯಾಂಕ್ ಎಳೆಯಿತು. ಎರಡು ಕ್ಯಾಡಿಲಾಕ್ ಎಂಜಿನ್, ಎರಡಕ್ಕೂ ಒಂದೊಂದು ಹೈಡ್ರಾಮ್ಯಾಟಿಕ್. ಆಟೊಮ್ಯಾಟಿಕ್ ನಾಜೂಕು ಅಂದ ಅಫಜಲಪುರದವನಿಗೆ ಈ ಟ್ಯಾಂಕಿನ ಫೋಟೊ ಕಳಿಸೀನಿ. ನೋಡ್ಯಾನ, ಉತ್ತರ ಇಲ್ಲ.

(ಭಾಗ 3)
ಇನ್ನ ಟರ್ಬೊ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಬಂತು. ಮಾರುಕಟ್ಟೆಗೆ ಬಂದ ಮೊಟ್ಟಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. 3.5 ಲೀಟರ್ ಎಂಜಿನ್ನಿನಿಂದ 215 ಹಾರ್ಸ್‌ಪವರ್, ಸುಮಾರು 407 ನ್ಯೂಟನ್ ಮೀಟರ್ ಟಾರ್ಕ್. ಎಂಜಿನ್ ಬಡಿಯದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಮಾಲೀಕರೇ ತುಂಬಬೇಕಿತ್ತು. ಎಷ್ಟೋ ಜನ ತುಂಬಲೇ ಇಲ್ಲ. ಆಟೊಮ್ಯಾಟಿಕ್ ಬೇಕೆಂದವರಿಗೆ ಕೊಟ್ಟದ್ದು ಮೂರು ಗೇರಿನ ಹಗುರ ಡಬ್ಬಿ. ಅದಕ್ಕೆ ಗಟ್ಟಿ ಎಂಬ ಹೆಸರು ಬರಲಿಲ್ಲ. ಎರಡೇ ವರ್ಷಕ್ಕೆ ಆ ಕಾರು ನಿಂತಿತು.

1964ರಲ್ಲಿ ಅದೇ ಜನರಲ್ ಮೋಟರ್ಸ್‌ನಿಂದ ಟರ್ಬೊ ಹೈಡ್ರಾಮ್ಯಾಟಿಕ್ 400 ಬಂತು. ಹೆಸರಿನ್ಯಾಗ ಟರ್ಬೊ ಅದ ಅಂತ ಮೋಸ ಹೋಗಬ್ಯಾಡ್ರಿ, ಟರ್ಬೊಚಾರ್ಜರಿಗೂ ಅದಕ್ಕೂ ಸಂಬಂಧ ಇಲ್ಲ. ಇದಕ್ಕೂ ಮೂರೇ ಗೇರ್! ಆದರೆ ಭಾರದ ಕ್ಯಾಡಿಲಾಕ್, ಬ್ಯೂಕ್ ಕಾರುಗಳಿಗೆ ಅಂತಲೇ ಮಾಡಿದ್ದು. ದಪ್ಪ ಶಾಫ್ಟ್, ಅಗಲ ಕ್ಲಚ್. ರೋಲ್ಸ್ ರಾಯ್ಸ್ ಇದನ್ನು ತನ್ನ ಸಿಲ್ವರ್ ಶ್ಯಾಡೋಗೆ ಹಾಕಿಕೊಂಡಿತು, ಜಾಗ್ವಾರ್ ಹಾಕಿಕೊಂಡಿತು. 1976ರಲ್ಲಿ ಫೆರಾರಿ ತನ್ನ ಮೊದಲ ಆಟೊಮ್ಯಾಟಿಕ್ ಕಾರು ಮಾಡಿದಾಗ ಅದರೊಳಗೂ ಇದೇ ಡಬ್ಬಿ.

ನಮ್ಮ ಜಗಳಕ್ಕ ಬರೋಬ್ಬರಿ ಹೊಂದೋ ಕಥಿ ಮಾತ್ರ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ದು. 1987ರಲ್ಲಿ ಅದರ 3.8 ಲೀಟರ್ ಟರ್ಬೊ ಎಂಜಿನ್ ಸುಮಾರು 480 ನ್ಯೂಟನ್ ಮೀಟರ್ ಕೊಡುತ್ತಿತ್ತು. ಡಬ್ಬಿ 200-4ಆರ್ ಎಂಬ ನಾಲ್ಕು ಗೇರಿನದು, ಹೆದ್ದಾರಿಯಲ್ಲಿ ಇಂಧನ ಉಳಿಸಲು ಓವರ್‌ಡ್ರೈವ್ ಬೇರೆ. ಕಂಪನಿ ಮಾಡಿದಂತೆ ಬಿಟ್ಟರೆ ಅದು ಚೆನ್ನಾಗಿಯೇ ಓಡುತ್ತಿತ್ತು. ಮಾಲೀಕರು ನಮ್ಮಂಗ ಬೂಸ್ಟ್ ಏರಿಸಿದರು. ಆಗ ಎರಡೇ ದಾರಿ: ಇದ್ದ ಡಬ್ಬಿ ಬಿಚ್ಚಿ ಗಟ್ಟಿ ಮಾಡೋದು, ಇಲ್ಲಾ ಓವರ್‌ಡ್ರೈವ್ ಬಿಟ್ಟುಕೊಟ್ಟು ಮೂರು ಗೇರಿನ 400 ಹಾಕೋದು. 400 ತೂಕ ಜಾಸ್ತಿ, ಎಂಜಿನ್ ಬಲವನ್ನೂ ಒಂದಿಷ್ಟು ತಾನೇ ತಿಂತದ, ಹೆದ್ದಾರಿಯಲ್ಲಿ ಎಂಜಿನ್ ಚೀರ್ತದ. ಆದ್ರೂ ದೊಡ್ಡ ಬಲದವರು ಹುಡುಕ್ಕೊಂಡು ಹೋಗಿ ಅದನ್ನೇ ಹಾಕಿದರು.

(ಭಾಗ 4)
ಅಮೆರಿಕ ದೂರ ಆಯ್ತಲ್ಲ, ಬಿಡದಿಗೆ ಬರ್ರಿ. ನಮ್ಮ ಕಡಿ ಯಾವ ಮೆರವಣಿಗಿ ಬಂದ್ರೂ ಮುಂದಿರೋ ಫಾರ್ಚೂನರ್ ಕರ್ನಾಟಕದಾಗೇ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನಿಯಾಗ ಹುಟ್ಟೋದು. 2016ರ ಮಾದರಿಯ 2.8 ಲೀಟರ್ ಡೀಸೆಲ್ಲಿಗೆ ಮ್ಯಾನುಯಲ್ ಇದ್ದರೆ 420 ನ್ಯೂಟನ್ ಮೀಟರ್, ಆರು ಗೇರಿನ ಆಟೊಮ್ಯಾಟಿಕ್ ಇದ್ದರೆ 450. 2021ರಲ್ಲಿ ಎಂಜಿನ್ ಶಕ್ತಿ 204 ಹಾರ್ಸ್‌ಪವರಿಗೆ ಏರಿತು. ಆಟೊಮ್ಯಾಟಿಕ್‌ಗೆ 500 ಕೊಟ್ಟರು, ಮ್ಯಾನುಯಲ್‌ಗೆ ಅದೇ 420. ಎಂಜಿನ್ ಒಂದೇ, ಮುಂದಿನ ಡಬ್ಬಿ ನೋಡಿ ಲಗಾಮು ಬಿಗಿದಾರ ಅಂತ ನನಗ ಕಾಣ್ತದ. ಮ್ಯಾನುಯಲ್ ವಾದ ಇಲ್ಲಿಗೆ ಮುಗೀತು.

ಎಂಟು ಗೇರಿನ ವಾದಕ್ಕೆ ಫೋಕ್ಸ್‌ವ್ಯಾಗನ್ ಸಾಕ್ಷಿ. 2013ರಲ್ಲಿ ಇಂಡಿಯಾಕ್ಕೆ ಬಂದ ಪೋಲೊ ಜಿಟಿ ಟಿಎಸ್ಐ ನಮ್ಮ ವಯಸ್ಸಿನವರ ಕನಸಿನ ಟರ್ಬೊ. ಎಂಜಿನ್ 175 ನ್ಯೂಟನ್ ಮೀಟರ್, ಏಳು ಗೇರಿನ ಡಿಎಸ್‌ಜಿಯ ಮಿತಿ 250. ಅದರ ಎರಡು ಕ್ಲಚ್‌ಗಳು ಒಣ ಕ್ಲಚ್. ಅದಕ್ಕೂ ಹಳೆಯದಾದ ಆರು ಗೇರಿನ ಡಿಎಸ್‌ಜಿಯ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಮಿತಿ 350. ಆರು ಗೇರಿಂದು ಏಳರದಕ್ಕಿಂತ ಗಟ್ಟಿ! ಎಣ್ಣಿ ಶಾಖ ಒಯ್ತದ, ಒಣ ಕ್ಲಚ್ಚಿಗೆ ಆ ಅನುಕೂಲ ಇಲ್ಲ. ಮೇ ತಿಂಗಳ ಜೇವರ್ಗಿ ಬಿಸಿಲಿನಾಗ, ಟ್ರಾಫಿಕ್ಕಿನಾಗ ತೆವಳುವಾಗ ಇದರ ಬೆಲಿ ತಿಳೀತದ.

(ಭಾಗ 5)
ಹಾರ್ಸ್‌ಪವರ್ ಹಿಡ್ಕೊಂಡು ವಾದ ಮಾಡೋರು ಕಬ್ಬಿನ ಸೀಜನ್ನಿನಾಗ ಅಫಜಲಪುರಕ್ಕೆ ಬರ್ರಿ. 50ರ ಆಸುಪಾಸಿನ ಹಾರ್ಸ್‌ಪವರಿನ ಟ್ರ್ಯಾಕ್ಟರ್ ಎರಡು ಟ್ರಾಲಿ ತುಂಬ ಕಬ್ಬು ಎಳೀತದ. ಟರ್ಬೊ ಗಾಡಿಯಲ್ಲಿ ಟಾರ್ಕ್ ಕಡಿಮೆ ಆರ್‌ಪಿಎಂನಲ್ಲೇ ಒಮ್ಮೆಲೆ ಬರುತ್ತದೆ. ಒಳಗಿನ ಕ್ಲಚ್ ಅದನ್ನು ಹಿಡಿಯಲಾರದೆ ಜಾರುತ್ತದೆ, ಜಾರಿದ್ದು ಸುಡುತ್ತದೆ. ನಮ್ಮದು ಹೋದದ್ದು ಹಂಗೇ.

ಕಡೀಕ ಮೂವರೂ ಕೂತು ಹಿಂಗ ಮಾಡ್ಲಾಕ ಒಪ್ಪಿದೆವು. ಮೊದಲು ಡೈನೊ ಮ್ಯಾಲ ಹತ್ತಿಸಿ ಎಂಜಿನ್ನಿನ ನಿಜವಾದ ಟಾರ್ಕ್ ಅಳೀಬೇಕು, ಅಂದಾಜು ಬ್ಯಾಡ. ಇದೇ ಎಂಜಿನ್ ಕುಟುಂಬವನ್ನು ಭಾರದ ಗಾಡಿಗೆ ಹಾಕಿದಾಗ ಕಂಪನಿಯೇ ಕೊಟ್ಟ ಆಟೊಮ್ಯಾಟಿಕ್ ಹುಡುಕಬೇಕು. ಬೋಲ್ಟ್ ಕೂಡ್ತಾವ, ಎಂಜಿನ್ ಕಂಪ್ಯೂಟರ್ ಜೊತಿ ಮಾತಾಡೋದೂ ಸುಲಭ. ಅದರ ಮಿತಿ ನಮ್ಮ ಟಾರ್ಕಿಗಿಂತ ಸಾಕಷ್ಟು ಮ್ಯಾಲ ಇರಬೇಕು. ಎಣ್ಣಿಗೆ ಬೇರೆ ದೊಡ್ಡ ಕೂಲರ್. ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗ್ತದ, ಅದರ ಖರ್ಚು ಈಗಲೇ ಹಿಡೀರಿ.

ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದ. ಕಂಪನಿ ಮಾಡಿದ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕ ಆರ್‌ಟಿಒದಾಗ ಕೇಳೋ ತನಕ ಬೂಸ್ಟ್ ಏರಿಸಿದ ಗಾಡಿ ರೋಡಿಗೆ ಇಳಿಯಂಗಿಲ್ಲ. ಹೋದ ತಿಂಗಳು ನಾವು ಇಳಿಸಿದ್ದು ತಪ್ಪೇ.

ಸದ್ಯ ಗಾಡಿ ನಮ್ಮ ಹೊಲದ ಬೇವಿನ ಗಿಡದ ಕೆಳಗ ನಿಂತದ. ಅಪ್ಪ ಲೆಕ್ಕ ಕೇಳ್ಯಾರ, ಹಾಳಿ ಮ್ಯಾಲ ಬರದು ಕೊಟ್ಟೀನಿ. ಐತಾರ ಆಳಂದದವ ಕೂಲರ್ ಜಾಗ ಅಳೀಲಾಕ ಬರ್ತಾನ, ಟೇಪು ಅವನೇ ತರ್ತಾನಂತ.

#ಆಳಂದ #ಅಫಜಲಪುರ #ಜೇವರ್ಗಿ #ಗೇರ್‌ಬಾಕ್ಸ್‌ಕಥಿ