ನೀರಿನ ದಂಡಿ ಮತ್ತ ಹುಡುಗ್ರ ಆಟ: ನಮ್ಮ ಸೀಮಿ ಚಳಿಗಾಲದ ಇತಿಹಾಸ

ಚಳಿಗಾಲ ಬಂತು ಅಂದ್ರ ಹುಡುಗ್ರಿಗೆ ಸ್ವೆಟರ್ ಹಾಕ್ರಿ, ಕಿವಿಗೆ ಟೊಪಗಿ ಕಟ್ಟರಿ, ಮುಂಜಾನೆ ಮಂಜಿನ್ಯಾಗ ಹೊರಗ ಬಿಡಬ್ಯಾಡ್ರಿ ಅಂತ ಎಲ್ಲಾರೂ ಹೇಳತಾರ. ಅದು ಖರೇನ. ಆದ್ರ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಚಳಿ ಅಂಥಾ ಜೀವಾ ತಗೊಳ್ಳೋದೇನಲ್ಲ. ಹತ್ತು ಗಂಟೆ ಆತು ಅಂದ್ರ ಬಿಸಲು ಚುರುಕ್ ಅಂತೈತಿ. ನಮ್ಮ ಕಡೆ ಚಳಿಗಾಲದಾಗ ಹೊರಗ ಆಡೋ ಹುಡುಗ್ರಿಗೆ ದೊಡ್ಡ ಗಂಡಾಂತರ ಅಂದ್ರ ನೀರು.

ಬ್ಯಾಸಗಿಯಾಗ ನಮ್ಮಲ್ಲಿ ನೀರ ಇರಂಗಿಲ್ಲ, ಮುಳುಗೋದೆಲ್ಲಿ ಬಂತು! ಸೆಪ್ಟೆಂಬರ್, ಅಕ್ಟೋಬರದಾಗ ಹಿಂಗಾರಿ ಮಳಿ ಆಗತೈತಿ. ದೀಪಾವಳಿ ಹೊತ್ತಿಗೆ ಕೆರಿ, ಹಳ್ಳ, ಹೊಂಡ ತುಂಬಿರತಾವ. ಅದ ಹೊತ್ತಿಗೆ ನಾವೂ ಹುಡುಗ್ರನ್ನ ಕರಕೊಂಡು ಹೊಲದ ಹಾದಿ ಹಿಡೀತೀವಿ. ಶೀಗಿ ಹುಣ್ಣಿವಿ, ಎಳ್ಳ ಅಮಾಸಿ ಚರಗ, ಕಡ್ಲಿ ಸುಲಗಾಯಿ, ಜ್ವಾಳದ ಸೀತನಿ, ಸಂಕ್ರಮಣದ ಹೊಳಿ ಜಳಕ, ಎಲ್ಲಾ ಇದ ನಾಕು ತಿಂಗಳದಾಗ. ದೊಡ್ಡಾವ್ರು ಬುತ್ತಿ ಬಿಚ್ಚೂದ್ರಾಗ ಇರತಾರ, ಹುಡುಗ್ರು ಕಣ್ಣಮುಚ್ಚಾಲಿ ಆಡಕೋತ ಬದುವು ದಾಟಿ ಹೋಗಿರತಾವ.

ಏನಾರ ಅನಾಹುತ ಆತು ಅಂದ್ರ ಮಂದಿ ಕೇಳೋದು ಒಂದ ಮಾತು: "ತಾಯಿ ಏನ ಮಾಡಾಕತ್ತಿದ್ಲು?" ಈ ಮಾತು ಕೇಳಿ ಕೇಳಿ ನನಗ ಸಾಕಾಗೈತಿ. ತಾಯಿ ರೊಟ್ಟಿ ಬಡ್ಯಾಕತ್ತಿದ್ಲು, ಇಲ್ಲಾ ಹತ್ತಿ ಬಿಡಸಾಕತ್ತಿದ್ಲು, ಇನ್ನೇನ ಮಾಡತಾಳ? ನೀರಿನ ದಂಡಿ ಮೊದಲ ಹೆಂಗಿತ್ತು, ಈಗ ಹೆಂಗಾಗೈತಿ ಅಂತ ಯಾರೂ ಕೇಳಂಗಿಲ್ಲ. ಅದನ್ನ ಇವತ್ತು ಬರೀತೀನಿ.

ಮೊದಲ ಮೆಟ್ಟಲ ಇದ್ದುವು

ನಮ್ಮದು ಬಾವಿಗೆ ಹೆಸರಾದ ಸೀಮಿ. ಲಕ್ಕುಂಡಿಯಾಗ ನೂರಾಒಂದು ಗುಡಿ, ನೂರಾಒಂದು ಬಾವಿ ಅಂತ ಮಾತ ಐತಿ. ದಾನಚಿಂತಾಮಣಿ ಅತ್ತಿಮಬ್ಬಿ 1007ರಾಗ ಬಸದಿ ಕಟ್ಟಿಸಿದ ಊರದು. ಅಲ್ಲಿ ಮಾಣಿಕೇಶ್ವರ ಗುಡಿ ಮಗ್ಗಲಕ್ಕ ಮುಸುಕಿನ ಬಾವಿ ಐತಲ್ಲ, ನೋಡಿದವ್ರಿಗೆ ಗೊತ್ತು, ಮೆಟ್ಟಲ ಇಳದು ನೀರಿನ ತನಕ ನಡಕೋತ ಹೋಗಬಹುದು. ಲಕ್ಷ್ಮೇಶ್ವರ ಅಂದ್ರ ಹಳೇ ಪುಲಿಗೆರೆ, ಅಲ್ಲಿ ಸೋಮೇಶ್ವರ ಗುಡಿ ಅಂಗಳದಾಗೂ ಮೆಟ್ಟಲ ಬಾವಿ ಐತಿ. ಮುಂಡರಗಿ ತಾಲೂಕಿನ ಡಂಬಳದಾಗ ಜಪದ ಬಾವಿ ಐತಿ.

ನಮ್ಮ ಹಿರ್ಯಾರು ಮೆಟ್ಟಲ ಕಟ್ಟಿದ್ದು ಹುಡುಗ್ರ ಸಲುವಾಗಿ ಅಲ್ಲ, ನೀರ ಕೆಳಗ ಹೋದಂಗ ನಾವೂ ಇಳೀಬೇಕು ಅಂತ. ಆದ್ರ ಅದರಿಂದ ಒಂದ ಉಪಕಾರ ಆಗಿತ್ತು. ಮೆಟ್ಟಲ ಕಡೆ ಜಾರಿದ ಹುಡುಗನ ಕಾಲಿಗೋ ಕೈಗೋ ಒಂದು ಕಲ್ಲ ಸಿಗತಿತ್ತು. ಎರಡನೇದ್ದು ಇನ್ನೂ ದೊಡ್ಡದು. ಬಾವಿ ಕಡೆ ಹೊತ್ತು ಮೂಡಿದಾಗಿಂದ ಮುಳಗೂತನಕ ಹೆಣಮಕ್ಕಳು ಇರತಿದ್ರು. ಒಬ್ಬಾಕಿ ಕೊಡ ತುಂಬಾಕಿ, ಒಬ್ಬಾಕಿ ಅರಬಿ ಒಗಿಯಾಕಿ, ಒಬ್ಬಾಕಿ ಸುಮ್ನ ಮಾತಾಡಾಕ ನಿಂತಾಕಿ. ಯಾರ ಕೂಸರ ಆಗಲಿ, ಬಾವಿ ಕಡೆ ಬಂತು ಅಂದ್ರ "ಏ, ಹಿಂದಕ ಸರೀ" ಅನ್ನೋ ದನಿ ಇರತಿತ್ತು. ಹುಡುಗ್ರಿಗೆ ಒಣಗಿದ ಸ್ವಾರಿ ಬುರಡಿ ಇಲ್ಲಾ ಬೆಂಡು ಬೆನ್ನಿಗೆ ಕಟ್ಟಿ ಈಸ ಕಲಸೋ ಕಾಕಾಗೋಳು, ಮಾವಗೋಳೂ ಇದ್ರು.

ಹಂಗಂತ ಹಳೇದೆಲ್ಲಾ ಬಂಗಾರ ಅನ್ನಂಗಿಲ್ಲ. ಆ ಬಾವ್ಯಾಗೂ ಹುಡುಗ್ರು ಸತ್ತಾವ. ಈಸ ಕಲಿಸಿದ್ದು ಗಂಡಹುಡುಗ್ರಿಗೆ ಅಷ್ಟ, ಹೆಣಹುಡುಗ್ರಿಗೆ ಭಾಳ ಕಡಿಮಿ. ಅದರ ಮ್ಯಾಲ ಮೆಟ್ಟಲ ಬಾವಿಗೆ ಇನ್ನೊಂದ ಶಾಪ ಇತ್ತು, ನಾರುಹುಣ್ಣು.

ಮೆಟ್ಟಲ ಯಾಕ ಮುಚ್ಚಿದ್ರು

ಈಗಿನ ಸೊಸೆಂದ್ರಿಗೆ ನಾರುಹುಣ್ಣು ಅಂದ್ರ ಗೊತ್ತಿಲ್ಲ. ಕಾಲಾಗ ಗುಳ್ಳಿ ಎದ್ದು, ಒಡದು, ಅದರೊಳಗಿಂದ ದಾರದಂಥಾ ಉದ್ದನ ಹುಳ ಹೊರಗ ಬರತಿತ್ತು. ಒಂದ ಕಡ್ಡಿಗೆ ಸುತ್ತಕೋತ ದಿನಾ ಸ್ವಲ್ಪ ಸ್ವಲ್ಪ ಎಳೀಬೇಕು, ಹರದರ ಕಾಲ ಕೀವು ತುಂಬತಿತ್ತು. ಇಂಥಾ ಕಾಲ ಇದ್ದವ್ರು ಮೆಟ್ಟಲ ಇಳದು ನೀರಾಗ ಕಾಲಿಟ್ರ ಹುಳದ ಮರಿ ನೀರಿಗೆ ಬೀಳತಿದ್ದುವು. ನೀರಾಗಿನ ಕಣ್ಣಿಗೆ ಕಾಣದಂಥಾ ಸಣ್ಣ ಜೀವಿ ಅವನ್ನ ತಿನ್ನತಿದ್ದುವು. ಆ ನೀರ ಸೋಸದ ಕುಡದವ್ರಿಗೆ ಸುಮಾರು ಒಂದ ವರ್ಷಕ್ಕ ಹುಣ್ಣು. ಉತ್ತರ ಕರ್ನಾಟಕದ ಹಳ್ಳಿಗೋಳು ಇದರಿಂದ ಭಾಳ ನರಳ್ಯಾವ.

1983-84ರಿಂದ ದೇಶದಾಗ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮ ಸುರು ಆತು. ನೀರ ಅರಬಿಯಾಗ ಸೋಸರಿ ಅಂದ್ರು, ಬಾವಿಗೆ ಔಷಧ ಹಾಕಿದ್ರು, ಬೋರ ಹೊಡದು ಕೈಪಂಪ ಕುಂದರಿಸಿದ್ರು. ಮೆಟ್ಟಲ ಬಾವಿಗೋಳನ್ನ ಮುಚ್ಚಿ, ಇಲ್ಲಾ ಮೆಟ್ಟಲ ಕಡೆ ಗ್ವಾಡಿ ಕಟ್ಟಿ ಸೇದೋ ಬಾವಿ ಮಾಡಿದ್ರು. ದೇಶದಾಗ ಕಡೀ ರೋಗಿ ಸಿಕ್ಕಿದ್ದು 1996ರಾಗ, ರಾಜಸ್ಥಾನದಾಗ. 2000ದಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದಾಗ ನಾರುಹುಣ್ಣು ಇಲ್ಲಾ ಅಂತ ಸರ್ಟಿಫಿಕೇಟ್ ಕೊಟ್ಟಿತು. ಭಾಳ ದೊಡ್ಡ ಕೆಲಸ ಅದು, ಕೈ ಮುಗೀಬೇಕು. ಆದ್ರ ರೋಗದ ಜೋಡಿ ಮೆಟ್ಟಲನೂ ಹೋದುವು.

ಕಣ್ಣು ಹೋತು

1972ರ ಬರಗಾಲ ಹಿರ್ಯಾರಿಗೆ ನೆನಪೈತಿ. ಅದಾದಮ್ಯಾಲ ನಮ್ಮ ಬಯಲಸೀಮಿಯಾಗ ಬೋರ ಹೊಡಸೋದು ಜೋರ ಆತು. ಮೊದಲ ಓಣಿಗೊಂದು ಕೈಪಂಪ, ಆಮ್ಯಾಲ ನೀರಿನ ಟಾಕಿ, ಆಮ್ಯಾಲ ಮನಿಗೆ ನಳ. ನಮ್ಮ ತಲಿ ಮ್ಯಾಲಿನ ಕೊಡ ಇಳೀತು, ಅದಕ್ಕ ಯಾರೂ ಬ್ಯಾಸರ ಮಾಡಕೊಳ್ಳಂಗಿಲ್ಲ. ಆದ್ರ ನಾವು ಬಾವಿ ಕಡೆ ಹೋಗೋದು ಬಿಟ್ವಿ. ಕಟ್ಟಿ ಬಿದ್ದುವು, ಜಾಲಿ ಬೆಳೀತು, ಕಸಾ ತುಂಬಿತು. ಬಾವಿ ಹಂಗ ಉಳದಾವ, ನೀರೂ ಐತಿ, ನೋಡೋ ಕಣ್ಣ ಇಲ್ಲ. "ಹಿಂದಕ ಸರೀ" ಅನ್ನೋ ದನಿ ಇಲ್ಲ.

ಬೋರ ತನ್ನದೊಂದು ಹೊಸಾ ಅಪಾಯ ತಂತು. ನೀರ ಬೀಳದ ಬೋರ ಹಂಗ ಬಿಟ್ರು. ಬಾಯಿ ಒಂದ ಗೇಣಷ್ಟ, ಆಳ ನೂರಾರು ಅಡಿ. 2014ರ ಜೂನದಾಗ ವಿಜಯಪುರ ಕಡೆ ನಾಗಠಾಣದಾಗ, ಅದ ವರ್ಷ ಆಗಸ್ಟದಾಗ ಬಾಗಲಕೋಟಿ ಕಡೆ ಸೂಳಿಕೇರಿಯಾಗ, 2017ರ ಏಪ್ರಿಲದಾಗ ಅಥಣಿ ತಾಲೂಕಿನ ಝುಂಜರವಾಡದಾಗ ಒಂದೊಂದು ಕೂಸು ಹೋತು. ದಿನಗಟ್ಟಲೆ ಟೀವಿ ಮುಂದ ಕುಂತು ಅತ್ತೀವಿ ನಾವೆಲ್ಲಾ. 2024ರ ಏಪ್ರಿಲದಾಗ ಇಂಡಿ ತಾಲೂಕಿನ ಲಚ್ಯಾಣದಾಗ ಬಿದ್ದ ಸುಮಾರು ಎರಡ ವರ್ಷದ ಕೂಸನ್ನ ಮಾತ್ರ ಮರುದಿನ ಜೀವಂತ ಎತ್ತಿದ್ರು. ಅದರ ಅಳೋ ದನಿ ಒಬ್ಬರ ಕಿವಿಗೆ ಬಿದ್ದಿತ್ತು, ಅದಕ್ಕ.

ಈ ನಾಕರಾಗ ಒಂದೂ ಚಳಿಗಾಲದ್ದಲ್ಲ. ಬೋರಿನ ತೂತಿಗೆ ಕಾಲ ಅಂತ ಇಲ್ಲ, ಹನ್ನೆರಡೂ ತಿಂಗಳು ಬಾಯಿ ತಕ್ಕೊಂಡ ಇರತೈತಿ. ಸುಪ್ರೀಂ ಕೋರ್ಟು 2010ರಾಗ ನಿಯಮಾ ಮಾಡೈತಿ: ಬೋರ ಹೊಡಸೋಕ್ಕಿಂತ 15 ದಿನಾ ಮೊದಲ ತಿಳಸಬೇಕು, ಹೊಡ್ಯಾಕತ್ತಾಗ ಸುತ್ತ ಬೇಲಿ ಇರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟಿ ಕಟ್ಟಬೇಕು, ಬಾಯಿಗೆ ಗಟ್ಟಿ ಮುಚ್ಚಳ ಹಾಕಬೇಕು, ಬ್ಯಾಡಾದ ಬೋರ ತಳದಿಂದ ಮ್ಯಾಲಿನ ತನಕ ಮಣ್ಣು, ಉಸುಕು, ಕಲ್ಲು ತುಂಬಿ ಮುಚ್ಚಬೇಕು. 2024ರ ಕಡೀಕ ನಮ್ಮ ಸರ್ಕಾರನೂ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚದ ಬಿಟ್ಟವ್ರಿಗೆ ಜೈಲು, ದಂಡ ಅಂತ ಇಟ್ಟೈತಿ. ಮ್ಯಾಲೊಂದು ಪರಸಿ ಇಲ್ಲಾ ಗ್ವಾಣಿಚೀಲ ಇಟ್ರ ಮುಚ್ಚಿದಂಗ ಅಲ್ಲ. ಅದು ಇನ್ನೂ ಕೆಟ್ಟದ್ದು, ತೂತು ಕಾಣದಂಗ ಆಗತೈತಿ.

ಕೃಷಿ ಹೊಂಡ ಬಂದುವು

2014ರಾಗ ಕೃಷಿ ಭಾಗ್ಯ ಯೋಜನಾ ಬಂತು. ಮಳಿ ನೀರ ಹಿಡದು ಒಣಬ್ಯಾಸಾಯಕ್ಕ ಒಂದೆರಡು ನೀರ ಕೊಡಾಕ ಹೊಲದಾಗ ಹೊಂಡ. ನಮ್ಮಂಥಾ ಸೀಮಿಗೆ ವರ ಅದು, ಒಣಗೋ ಬೆಳಿ ಉಳಸೈತಿ. 10 ಮೀಟರ್ ಅಗಲದ್ದರಿಂದ 21 ಮೀಟರ್ ತನಕ ಬ್ಯಾರೆ ಬ್ಯಾರೆ ಅಳತಿ, ಆಳ ಮಾತ್ರ ಎಲ್ಲಾದಕ್ಕೂ 3 ಮೀಟರ್. ಅಂದ್ರ ಹತ್ತ ಅಡಿ, ಎರಡ ಆಳಿನಷ್ಟು ಹತ್ರ ಹತ್ರ.

ಮಸಾರಿ ಹೊಲದಾಗ ನೀರ ಇಂಗತೈತಿ ಅಂತ ಪ್ಲಾಸ್ಟಿಕ್ ತಾಡಪತ್ರಿ ಹಾಸತಾರ. ಅದು ತೊಯ್ದು ಪಾಚಿ ಹಿಡೀತು ಅಂದ್ರ ದೊಡ್ಡ ಗಂಡಸೂ ಹತ್ತಿ ಬರಾಕ ಆಗಂಗಿಲ್ಲ, ಹತ್ತಿದಂಗೆಲ್ಲಾ ಜಾರತೈತಿ. ಎರಿ ಹೊಲದಾಗ ಪ್ಲಾಸ್ಟಿಕ್ ಇಲ್ಲದಿದ್ರ ರಾಡಿ, ಕಾಲ ಹುಗೀತೈತಿ. ಒಂದು ಜಾರಸತೈತಿ, ಒಂದು ಹಿಡಕೊಂತೈತಿ. ಮೆಟ್ಟಲ ಎರಡಕ್ಕೂ ಇಲ್ಲ. ಒಂದ ಹುಡುಗ ಜಾರಿದ, ಹಿಡಿಯಾಕ ಹೋದ ಅಣ್ಣನೂ ಹೋದ, ಇಬ್ಬರನ್ನ ಎತ್ತಾಕ ಹೋದ ತಾಯಿನೂ ಹೋದ್ಲು ಅಂತ ಪೇಪರಿನ್ಯಾಗ ಓದತೀವಲ್ಲ, ಅದರ ಕಾರಣ ಇದು.

2023-24ರಾಗ ಈ ಯೋಜನಾ ಮತ್ತ ಸುರು ಮಾಡಿದಾಗ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಸೇರಿಸ್ಯಾರ. ಹಳೇ ಹೊಂಡಕ್ಕ ಭಾಳ ಕಡೆ ಬೇಲಿ ಇಲ್ಲ. ಮನಿಯಾಗ ಗಂಡಸರಿಗೆ ಹೇಳರಿ, ರೈತ ಸಂಪರ್ಕ ಕೇಂದ್ರದಾಗ ವಿಚಾರ ಮಾಡಲಿ. ಅದು ಬರೂತನಕ ಜಾಲಿ ಮುಳ್ಳಾದ್ರೂ ಒತ್ತಲಿ.

ಹೊಳಿನೂ ಬದಲಾಗೈತಿ

ಸಂಕ್ರಮಣಕ್ಕ ಮುಂಡರಗಿ, ಶಿರಹಟ್ಟಿ ಕಡೆಯವ್ರು ತುಂಗಭದ್ರಾಕ್ಕ ಹೋಗತೀವಿ, ಕೊರ್ಲಹಳ್ಳಿ, ಸಿಂಗಟಾಲೂರ, ಹೊಳಿ ಇಟಗಿ ಅಂತ. "ನಾವು ಸಣ್ಣಾವ್ರಿದ್ದಾಗ ಇಲ್ಲೇ ಆಡೀವಿ, ಮೊಣಕಾಲುದ್ದ ನೀರು" ಅಂತ ಹೇಳಬ್ಯಾಡ್ರಿ. ಹಮ್ಮಿಗಿ ಬ್ಯಾರೇಜ ಆದಮ್ಯಾಲ ಅದರ ಮ್ಯಾಲಿನ ಕಡೆ ನೀರ ನಿಲ್ಲತೈತಿ. ಉಸುಕು ತಗದ ಕಡೆ ಗುಂಡಿ ಬಿದ್ದಾವ, ಮ್ಯಾಲಿಂದ ಕಾಣಂಗಿಲ್ಲ. ನಿಮ್ಮ ನೆನಪಿನ್ಯಾಗಿನ ಹೊಳಿ ಈಗಿಲ್ಲ.

ನಾವು ಮಾಡೋದು

ಮುಳುಗೋ ಹುಡುಗ ಸಿನಿಮಾದಾಗಿನಂಗ ಒದರಂಗಿಲ್ಲ, ಸಪ್ಪಳಿಲ್ಲದ ಹೋಗತೈತಿ, ನಾಕೈದು ನಿಮಿಷದಾಗ. ಅದಕ್ಕ "ಎಲ್ಲಾರೂ ನೋಡ್ಕೊಳ್ರಿ" ಅನ್ನಬ್ಯಾಡ್ರಿ. ಎಲ್ಲಾರೂ ಅಂದ್ರ ಯಾರೂ ಇಲ್ಲ. ಎಳ್ಳ ಅಮಾಸಿಗೆ ಹೊಲಕ್ಕ ಹೋದ್ರ ಪಾಳಿ ಹಚ್ಚರಿ: ಈ ಅರ್ಧಾ ತಾಸು ವೈನಿ, ಮುಂದಿನ ಅರ್ಧಾ ತಾಸು ಮಾವ. ಪಾಳಿ ಇದ್ದವ್ರು ಉಣ್ಣೂದಿಲ್ಲ, ಬಡಸೂದಿಲ್ಲ, ಫೋನ ನೋಡೂದಿಲ್ಲ. ಗಂಡಸರಿಗೂ ಪಾಳಿ ಐತಿ.

ಹೋದ ಕೂಡಲೇ ಬುತ್ತಿ ಬಿಚ್ಚೋಕ್ಕಿಂತ ಮೊದಲ ಆಜೂಬಾಜೂ ಹೊಲ ಅಡ್ಡಾಡಿ ನೋಡರಿ, ಬಾವಿ ಎಲ್ಲೈತಿ, ಹೊಂಡ ಎಲ್ಲೈತಿ, ಬೋರ ಎಲ್ಲೈತಿ. ಹುಡುಗ್ರ ಆಟ ಅದರ ವಿರುದ್ಧ ದಿಕ್ಕಿಗೆ ಇರಲಿ. ಹೊಂಡದ ಮಾಲಕರು ಒಂದ ದಪ್ಪ ಹಗ್ಗಕ್ಕ ಗಂಟು ಹಾಕಿ, ಗೂಟಕ್ಕ ಬಿಗದು ನೀರಿನ ತನಕ ಬಿಡಲಿ, ಒಂದು ಹಳೇ ಟೈರ್ ಟ್ಯೂಬ್ ಗಾಳಿ ತುಂಬಿ ಇಡಲಿ. ಖರ್ಚು ಭಾಳಿಲ್ಲ.

ಯಾರರ ಬಿದ್ರ ಈಸ ಬರದವ್ರು ಹಾರಬ್ಯಾಡ್ರಿ. ಸೀರಿ, ಹಗ್ಗ, ಬಡಗಿ, ಖಾಲಿ ಕೊಡ ಏನ ಸಿಗತೈತಿ ಅದನ್ನ ಒಗೀರಿ, ಮಕ್ಕೊಂಡು ಎಳೀರಿ. ಎತ್ತಿದಮ್ಯಾಲ ಕಾಲ ಹಿಡದು ತಿರುವಬ್ಯಾಡ್ರಿ, ಹೊಟ್ಟಿ ಒತ್ತಬ್ಯಾಡ್ರಿ. ಉಸರ ಇಲ್ಲಂದ್ರ ಮೂಗು ಹಿಡದು ಬಾಯಿಗೆ ಬಾಯಿ ಇಟ್ಟು ಐದ ಸಲ ಉಸರ ಊದರಿ, ಆಮ್ಯಾಲ ಎದಿ ನಡಬರಕ ಅಂಗೈ ಇಟ್ಟು 30 ಸಲ ಜೋರಲೆ ಒತ್ತರಿ, ಮತ್ತ ಎರಡ ಸಲ ಊದರಿ, ಹಿಂಗ ಬಿಡದಂಗ ಮಾಡರಿ. ಇನ್ನೊಬ್ಬರು 108 ಇಲ್ಲಾ 112ಕ್ಕ ಫೋನ ಹಚ್ಚಲಿ.

ಇನ್ನೊಂದ ಮಾತು ಕೈ ಮುಗದು ಹೇಳತೀನಿ. ಉಪ್ಪಿನ್ಯಾಗ ಹುಗದರ ಸತ್ತ ಮಗು ಬದಕತೈತಿ ಅಂತ ಮೊಬೈಲಿನ್ಯಾಗ ಒಂದು ಸುದ್ದಿ ತಿರಗತೈತಿ. ಅದನ್ನ ನಂಬಿ 2022ರಾಗ ಬಳ್ಳಾರಿ ಸೀಮಿಯಾಗ, 2023ರ ಡಿಸೆಂಬರದಾಗ ನಮ್ಮ ಮಗ್ಗಲ ಹಾವೇರಿ ಜಿಲ್ಲಾದಾಗ ಹೆತ್ತವ್ರು ಉಪ್ಪು ತರಿಸಿ ಮಕ್ಕಳನ್ನ ಮಲಗಿಸಿ ಕಾದ್ರು. ಯಾರೂ ಎದ್ದು ಬರಲಿಲ್ಲ. ಅವ್ರನ್ನ ನಗಬ್ಯಾಡ್ರಿ, ಹೊಟ್ಟಿ ಉರದಾಗ ಮನಷಾ ಏನರ ನಂಬತಾನ. ಆದ್ರ ಆ ಸುದ್ದಿ ನಿಮ್ಮ ಫೋನಿಗೆ ಬಂದ್ರ ಮುಂದ ಕಳಸಬ್ಯಾಡ್ರಿ.

ನಮ್ಮ ಓಣಿ, ನಮ್ಮ ಹೊಲದ ಹಾದಿಯಾಗ ಮುಚ್ಚದ ಬೋರ, ಕಟ್ಟಿ ಬಿದ್ದ ಬಾವಿ ಎಷ್ಟ ಅದಾವ ಅಂತ ಈ ವಾರ ಎಣಸರಿ. ಸ್ವಸಹಾಯ ಸಂಘದ ಸಭಾ ಕೂಡಿದಾಗ ಬರದಕೊಂಡು, ಹತ್ತ ಮಂದಿ ಸಹಿ ಮಾಡಿ ಗ್ರಾಮ ಪಂಚಾಯ್ತಿ ಪಿಡಿಓ ಕೈಯಾಗ ಕೊಡ್ರಿ, ಒಂದು ಪ್ರತಿಗೆ ಸಿಕ್ಕಾ ಹೊಡಿಸಿ ಇಟಗೊಳ್ರಿ. ಎಳ್ಳ ಅಮಾಸಿಯೊಳಗ ಈ ಕೆಲಸ ಆಗಲಿ.