ಗಂಟಲಮಾರಿ: ಮಕ್ಕಳಲ್ಲಿ ಡಿಫ್ತೀರಿಯಾ ಮತ್ತು ಅದರ ಪರಿಣಾಮಗಳು

ಗಂಟಲಮಾರಿ ಅಥವಾ ಡಿಫ್ತೀರಿಯಾ ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ ಎಂಬ ಬ್ಯಾಕ್ಟೀರಿಯಾದಿಂದ ಬರುವ ಅಂಟುರೋಗ. ಕೆಮ್ಮು, ಸೀನುಗಳ ಹನಿಯಿಂದ ಹರಡುತ್ತದೆ. ಸೋಂಕು ತಗಲಿದ 2ರಿಂದ 5 ದಿನಗಳಲ್ಲಿ ಸಣ್ಣ ಜ್ವರ, ಗಂಟಲುನೋವು, ಸುಸ್ತು ಶುರುವಾಗುತ್ತವೆ. ಜ್ವರ ಜೋರಾಗಿರದ ಕಾರಣ ಮನೆಯವರು ಇದನ್ನು ಮಾಮೂಲಿ ಗಂಟಲುನೋವೆಂದೇ ತಿಳಿಯುತ್ತಾರೆ. ಜೀವ ಉಳಿಸಬಹುದಾದ ದಿನಗಳು ಹೀಗೆಯೇ ಕೈತಪ್ಪುತ್ತವೆ.

ಮಗುವಿನ ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್‌ಗಳ ಮೇಲೆ ಬೂದುಬಣ್ಣದ ದಪ್ಪ ಪೊರೆ ಕಾಣುತ್ತದೆ. ಅದು ಸುಲಭಕ್ಕೆ ಬಿಡುವುದಿಲ್ಲ; ಕೀಳಹೋದರೆ ಅಡಿಯಿಂದ ರಕ್ತ ಜಿನುಗುತ್ತದೆ. ರೋಗ ಉಲ್ಬಣಿಸಿದವರಲ್ಲಿ ಕತ್ತು ಎರಡೂ ಬದಿಗೆ ಊದಿಕೊಳ್ಳುತ್ತದೆ. ಪೊರೆ ಧ್ವನಿಪೆಟ್ಟಿಗೆಗೆ ಇಳಿದರೆ ಸ್ವರ ಒಡೆಯುತ್ತದೆ, ಉಸಿರು ಕಟ್ಟುತ್ತದೆ. ಚಿಕ್ಕ ಮಕ್ಕಳ ಉಸಿರುದಾರಿ ಕಿರಿದಾದ್ದರಿಂದ ಅವರಿಗೇ ಅಪಾಯ ಹೆಚ್ಚು. ಆಗ ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಹಾಕಬೇಕಾಗಬಹುದು.

ಗಂಟಲು ತಿಳಿಯಾದ ಮಾತ್ರಕ್ಕೆ ಗಂಡಾಂತರ ಕಳೆಯಿತೆನ್ನುವಂತಿಲ್ಲ. ಬ್ಯಾಕ್ಟೀರಿಯಾ ಸ್ರವಿಸುವ ವಿಷ ರಕ್ತದ ಮೂಲಕ ಸಾಗಿ ಜೀವಕೋಶಗಳ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅದಕ್ಕೆ ಮುಖ್ಯವಾಗಿ ಬಲಿಯಾಗುವುದು ಹೃದಯ ಮತ್ತು ನರಗಳು. ಮೊದಲ ಎರಡು ವಾರಗಳಲ್ಲಿ ಹೃದಯದ ಸ್ನಾಯು ಉರಿಯೂತಕ್ಕೆ ತುತ್ತಾಗಿ ಬಡಿತದ ಲಯ ತಪ್ಪಬಹುದು; ಚೇತರಿಸಿಕೊಳ್ಳುತ್ತಿದ್ದಂತೆ ಕಂಡ ಮಗು ಹಠಾತ್ತನೆ ತೀರಿಕೊಳ್ಳುವುದೂ ಉಂಟು. ನರಗಳಿಗೆ ಪೆಟ್ಟು ಬಿದ್ದರೆ ಮೊದಲು ಮೆದು ಅಂಗುಳ ಸೋಲುತ್ತದೆ: ಮಾತು ಮೂಗಿನಲ್ಲಿ ಬರುತ್ತದೆ, ಕುಡಿದ ಹಾಲು ಮೂಗಿನಿಂದ ಹೊರಬರುತ್ತದೆ. ಕೆಲವು ವಾರಗಳ ಮೇಲೆ ಕೈಕಾಲುಗಳು, ವಪೆಯೂ ದುರ್ಬಲವಾಗಬಹುದು. ಬದುಕುಳಿದವರಲ್ಲಿ ಈ ನರದೌರ್ಬಲ್ಯ ಬಹುಮಟ್ಟಿಗೆ ಪೂರ್ತಿ ವಾಸಿಯಾಗುತ್ತದೆ.

ಮುಖ್ಯ ಚಿಕಿತ್ಸೆ ವಿಷನಿರೋಧಕ ಸೀರಮ್. 1890ರಲ್ಲಿ ಎಮಿಲ್ ಬೇರಿಂಗ್ ಮತ್ತು ಶಿಬಾಸಾಬುರೊ ಕಿಟಸಾಟೊ ಇದರ ತತ್ವವನ್ನು ಕಂಡುಕೊಂಡರು. ವೈದ್ಯಕೀಯದ ಮೊದಲ ನೊಬೆಲ್ 1901ರಲ್ಲಿ ಬೇರಿಂಗ್‌ಗೆ ಸಂದಿತು. ಸೀರಮ್ ರಕ್ತದಲ್ಲಿರುವ ವಿಷವನ್ನಷ್ಟೇ ತಟಸ್ಥಗೊಳಿಸಬಲ್ಲದು, ಜೀವಕೋಶದೊಳಗೆ ಸೇರಿದ್ದನ್ನಲ್ಲ. ಆದ್ದರಿಂದ ಪ್ರಯೋಗಾಲಯದ ವರದಿಗೆ ಕಾಯದೆ, ಶಂಕೆ ಬಂದೊಡನೆ ಕೊಡಬೇಕು. ಅದನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಮೊದಲು ಅಲರ್ಜಿ ಪರೀಕ್ಷೆ ಅಗತ್ಯ. ಜೊತೆಗೆ ಪೆನಿಸಿಲಿನ್ ಅಥವಾ ಎರಿಥ್ರೋಮೈಸಿನ್ 14 ದಿನ ನಡೆಯುತ್ತದೆ. ಚಿಕಿತ್ಸೆ ಸಿಕ್ಕರೂ ನೂರಕ್ಕೆ 5ರಿಂದ 10 ರೋಗಿಗಳು ಸಾಯುತ್ತಾರೆ. 5 ವರ್ಷದೊಳಗಿನವರಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಈ ರೋಗವನ್ನು ತಡೆಯಲು ಭಾರತದಲ್ಲಿ ಮಗುವಿಗೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್, 16ರಿಂದ 24 ತಿಂಗಳಲ್ಲಿ ಮತ್ತು 5ರಿಂದ 6 ವರ್ಷದಲ್ಲಿ ಡಿಪಿಟಿ, 10 ಹಾಗೂ 16ನೇ ವರ್ಷದಲ್ಲಿ ಟಿಡಿ ಲಸಿಕೆ ಉಚಿತವಾಗಿ ದೊರೆಯುತ್ತದೆ. ಎಳೆಯ ಪ್ರಾಯದ ಚುಚ್ಚುಮದ್ದಿನ ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುವುದರಿಂದ, ಬೂಸ್ಟರ್ ತಪ್ಪಿಸಿಕೊಂಡ ಶಾಲಾಮಕ್ಕಳಲ್ಲೂ ರೋಗ ಕಾಣಿಸಿಕೊಳ್ಳುತ್ತದೆ. ಒಮ್ಮೆ ರೋಗ ಬಂದುಹೋದರೂ ನಂಬಬಹುದಾದ ನಿರೋಧಶಕ್ತಿ ಬರುವುದಿಲ್ಲ. ಗುಣವಾದ ಮಗುವಿಗೂ ಲಸಿಕೆ ಪೂರೈಸಬೇಕು, ಮನೆಮಂದಿಗೆಲ್ಲ ಗಂಟಲದ್ರವ ಪರೀಕ್ಷೆ ಮಾಡಿಸಿ ಆ್ಯಂಟಿಬಯಾಟಿಕ್ ಕೊಡಬೇಕು.